ಸೇವಂತಿಯ ಕೊರಳಿನ ವಾಚು

ನಮ್ಮೂರಿನಲ್ಲಿ ಯಾರಾದರೂ ತಡವಾಗಿ ಬಂದರೆ ಯಾಕೆ ತಡ ಎಂದು ಕೇಳುವ ಪದ್ಧತಿ ಇಲ್ಲ. ಯಾರಿಗೆ ಹುಷಾರಿಲ್ಲ, ಎತ್ತಿಗೋ ನಾಯಿಗೋ ಎಂದು ಕೇಳುತ್ತೇವೆ. ಪ್ರಾಣಿಗೆ ನೋವಾದರೆ ಅದರ ಹತ್ತಿರವಿರುವ ಗಡಿಯಾರ ನಿಧಾನವಾಗುತ್ತದೆ, ಅಷ್ಟೇ ವಿಷಯ. ಮೊದಲಿನಿಂದಲೂ ಹೀಗೇ. ಹೊರಗಿನಿಂದ ಬಂದವರು ಬಾಯಿ ಬಾಯಿ ಬಿಡುತ್ತಾರೆ. ನಾವು ಅವರಿಗೊಂದು ಲೋಟ ಕಾಫಿ ಕೊಟ್ಟು ಸುಮ್ಮನಾಗುತ್ತೇವೆ. ಮನುಷ್ಯರ ನೋವಿಗೆ ಮಾತ್ರ ಗಡಿಯಾರ ಜಗ್ಗುವುದಿಲ್ಲ. ಹಲ್ಲುನೋವಿನವರು ಎಷ್ಟು ಕೂಗಾಡಿದರೂ ಮುಳ್ಳು ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ.

ಇದಕ್ಕೆ ನಾವು ಚೆನ್ನಾಗಿ ಹೊಂದಿಕೊಂಡಿದ್ದೇವೆ. ಹಾಲು ಮಾರುವವರು ಕೊಟ್ಟಿಗೆಯಲ್ಲೊಂದು ಟೈಂಪೀಸು ಇಟ್ಟಿರುತ್ತಾರೆ, ಕೆಚ್ಚಲು ಬಾವು ಕಣ್ಣಿಗೆ ಕಾಣುವ ಮೊದಲೇ ಅದು ಹಿಂದೆ ಬಿದ್ದು ಹೇಳಿಬಿಡುತ್ತದೆ. ಜಟಕಾದವನು ಕುದುರೆಗೆ ಲಾಳ ಸರಿಯಾಗಿ ಹೊಡೆಸಿಲ್ಲವೆಂದರೆ ಇಳಿಯುವಾಗ ಸವಾರಿಯವರೆಲ್ಲ ಒಟ್ಟಿಗೆ ಕೈಗಡಿಯಾರ ನೋಡಿಕೊಂಡು ಅವನ ಮಾನ ಕಳೆಯುತ್ತಾರೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನ ನಾಯಿಗೆ ಕಜ್ಜಿಯಾಗಿದ್ದಾಗ ಅಲ್ಲಿ ಬೆಳಗಿನ ಇಡ್ಲಿ ಹನ್ನೊಂದರವರೆಗೂ ಸಿಗುತ್ತಿತ್ತು. ದಯವಿಟ್ಟು ಮದ್ದು ಹಚ್ಚಬೇಡಿ ಎಂದು ಗಿರಾಕಿಗಳು ತಮಾಷೆ ಮಾಡಿದ್ದಕ್ಕೆ ಹೋಟೆಲಿನವರು ನಾಚಿಕೊಂಡು ಅಂದೇ ಬೇವಿನೆಣ್ಣೆ ತರಿಸಿದರು. ಇಂಥ ಊರಿನಲ್ಲಿ ವಾಚ್ ರಿಪೇರಿ ಮಾಡುವವರಿಗೆ ಎಷ್ಟು ಮರ್ಯಾದೆ ಇರಬೇಕು, ನೀವೇ ಯೋಚಿಸಿ. ಆ ಮರ್ಯಾದೆಯನ್ನು ಇಪ್ಪತ್ತೆರಡು ವರ್ಷದಿಂದ ಅನುಭವಿಸುತ್ತಿರುವವಳು ನಾನು, ವಾಚ್ ನೀಲಮ್ಮ. ಅಂಗಡಿ ಅಪ್ಪನದು, ಬಾಯಿ ನನ್ನದೇ.

ಊರಿನ ಮಗ್ಗುಲಿಗೊಂದು ಗುಡ್ಡ, ಗುಡ್ಡದ ಮೇಲೆ ಹಾವಿನ ವಿಷಕ್ಕೆ ಮದ್ದು ಹುಡುಕುವ ಸಂಸ್ಥೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಡುತ್ತಾ ಹೋಗುತ್ತಾರೆ. ಅದರ ರಕ್ತ ವಿಷವನ್ನು ಎದುರಿಸುವುದನ್ನು ಕಲಿತ ಮೇಲೆ ಆ ರಕ್ತದಿಂದ ಮದ್ದು ತೆಗೆಯುತ್ತಾರೆ. ನಮ್ಮ ಕಡೆಯ ಕೊಳಕುಮಂಡಲ ಹಾವಿಗೆ ಹಳೆಯ ಮದ್ದು ಅಷ್ಟಾಗಿ ನಾಟುತ್ತಿರಲಿಲ್ಲವಾದ್ದರಿಂದ ಸಂಸ್ಥೆಯ ಮುಖ್ಯಸ್ಥೆ ಡಾಕ್ಟರ್ ನಫೀಸಾ ಹೊಸದೊಂದನ್ನು ಮಾಡಲು ಹೊರಟಿದ್ದರು. ಅದಕ್ಕಾಗಿ ಬಂದವಳು ಸೇವಂತಿ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ಬೆಲ್ಲ ಕಂಡರೆ ಯಾರ ಜೇಬಿಗಾದರೂ ಮೂತಿ ಹಾಕುವ ಸ್ವಭಾವ.

ಗುಡ್ಡದ ಮೇಲಿನ ಪ್ರತಿ ಪ್ರಾಣಿಗೂ ಒಂದು ಪುಸ್ತಕ ಇರುತ್ತದೆ. ಪುಟದ ಎಡಗಡೆ ಅಂದಾಜು, ಬಲಗಡೆ ಆದದ್ದು. ಈ ಕೆಲಸದಿಂದ ಪ್ರಾಣಿಗೆ ಎಷ್ಟು ನೋವಾದೀತು ಎಂದು ಡಾಕ್ಟರು ಮೊದಲೇ ಎಡಗಡೆ ಬರೆಯಬೇಕು. ನಿಜವಾಗಿ ಎಷ್ಟಾಯಿತು ಎಂದು ಬಲಗಡೆ ಬರೆಯುವುದು ನನ್ನ ಕೆಲಸ. ಪ್ರಾಣಿಯ ಕೊರಳಿಗೆ ಚರ್ಮದ ಚೀಲದಲ್ಲಿ ಒಂದು ವಾಚು ಕಟ್ಟಿರುತ್ತದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಹೋಗಿ, ಒಂದು ದಿನದಲ್ಲಿ ಅದು ಎಷ್ಟು ಹಿಂದೆ ಬಿದ್ದಿದೆ ಎಂದು ನೋಡಿ, ದರ್ಜೆ ಬರೆದು, ವಾಚು ಸರಿಮಾಡಿ ಬರುತ್ತೇನೆ. ಹತ್ತು ನಿಮಿಷದೊಳಗಿದ್ದರೆ ಸೌಮ್ಯ. ಒಂದು ಗಂಟೆಯೊಳಗಿದ್ದರೆ ಮಧ್ಯಮ. ಗಂಟೆ ದಾಟಿದರೆ ತೀವ್ರ. ವಾಚು ನಿಂತೇಹೋಗುವಂಥ ಕೆಲಸಕ್ಕೆ ದರ್ಜೆಯೇ ಇಲ್ಲ, ಅಪ್ಪಣೆಯೂ ಇಲ್ಲ. ತೀವ್ರ ಎಂದು ಬರೆದರೆ ಆ ಪ್ರಾಣಿಗೆ ಅಲ್ಲಿಗೆ ಮುಗಿಯಿತು, ಇನ್ನೊಂದು ಸೂಜಿ ಚುಚ್ಚುವಂತಿಲ್ಲ. ಕೆರೆಯ ಕೆಳಗಿನ ಹುಲ್ಲುಗಾವಲಿಗೆ ಕಳಿಸಬೇಕು. ನನ್ನ ಹೊರತು ಬೇರೆ ಯಾರೂ ವಾಚಿನ ಮುಳ್ಳು ತಿರುಗಿಸುವ ತಿರುಪು ಮುಟ್ಟಬಾರದು ಎಂಬುದು ಎಲ್ಲಕ್ಕಿಂತ ದೊಡ್ಡ ನಿಯಮ.

ಸೇವಂತಿ ಬಂದ ಹೊತ್ತಿಗೆ ಲಾಯ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಿದ್ದರು. ಆ ಜಾಗಕ್ಕೆ ಗುರುಪಾದಯ್ಯನವರನ್ನು ಶಿಫಾರಸು ಮಾಡಿದವಳು ನಾನೇ. ಮೂವತ್ತನಾಲ್ಕು ವರ್ಷ ನಮ್ಮೂರ ಸ್ಟೇಷನ್ ಮಾಸ್ತರಾಗಿದ್ದವರು, ಪ್ರಾಣಿ ಎಂದರೆ ಜೀವ ಬಿಡುವವರು, ಹೊತ್ತು ಎಂದರೆ ಹೊತ್ತು. ದನ ತುಂಬಿದ ಗೂಡ್ಸ್ ಗಾಡಿಗಳು ಬಂದು ನಿಂತಾಗಲೆಲ್ಲ ಸ್ಟೇಷನ್ನಿನ ಗಡಿಯಾರ ಹಿಂದೆ ಬೀಳುತ್ತಿತ್ತು. ದಿನಾ ಬೆಳಿಗ್ಗೆ ಗಿರಣಿಯ ಎಂಟರ ಸೈರನ್ ಕೂಗಿದ ಕ್ಷಣ ಅವರು ಸ್ಟೂಲು ಹತ್ತಿ ಮುಳ್ಳು ಸರಿಮಾಡುತ್ತಿದ್ದರು. ಅವರ ಕಾಲದಲ್ಲಿ ಒಂದೇ ಒಂದು ಗಾಡಿ ತಪ್ಪು ಹೊತ್ತಿಗೆ ಬಿಟ್ಟಿದ್ದಿಲ್ಲ. ಗಡಿಯಾರದ ಬೆಲೆ ಗೊತ್ತಿರುವವರು ಲಾಯದಲ್ಲಿದ್ದರೆ ನನಗೂ ನೆಮ್ಮದಿ ಎಂದು ನಾನೇ ಡಾಕ್ಟರಿಗೆ ಹೇಳಿದ್ದೆ.

ನಲವತ್ತು ದಿನ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ನಡೆಯಿತು. ಡಾಕ್ಟರು ಎಡಗಡೆ ಮಧ್ಯಮ ಎಂದು ಬರೆದಿದ್ದರು. ನಾನು ಬಲಗಡೆ ದಿನವೂ ಸೌಮ್ಯ ಎಂದು ಬರೆದೆ. ಒಂದು ನಿಮಿಷ, ಎರಡು ನಿಮಿಷ, ಅದಕ್ಕಿಂತ ಹೆಚ್ಚು ವಾಚು ಹಿಂದೆ ಬಿದ್ದದ್ದೇ ಇಲ್ಲ. ಅಂದಾಜಿಗಿಂತ ಕಡಿಮೆ ನೋವು ಎಂದರೆ ಗುಡ್ಡದ ಮೇಲೆ ಹಬ್ಬವಿದ್ದ ಹಾಗೆ. ಒಮ್ಮೆ ಡಾಕ್ಟರು ಸೇವಂತಿಯ ಹೆಗಲಿನ ಮೇಲಿನ ಬಾವು ನೋಡಿ, "ವಾಚ್ ಏನನ್ನುತ್ತೆ ನೀಲಕ್ಕ?" ಎಂದರು. "ಎರಡೇ ನಿಮಿಷ," ಎಂದೆ. "ಹಾಗಿದ್ರೆ ಸರಿ ಬಿಡಿ," ಎಂದು ಹೋದರು. ಗುರುಪಾದಯ್ಯನವರು ಎರಡು ಸಲ, "ಯಾಕೋ ಇವಳು ಮಂಕಾಗಿದಾಳೆ ನೀಲಮ್ಮ, ಬೆಲ್ಲ ಮೂಸಿ ನೋಡಿ ಬಿಟ್ಬಿಡ್ತಾಳೆ," ಎಂದಿದ್ದರು. ನಾನು ನಕ್ಕು, "ನಿಮ್ಮ ಬೆಲ್ಲದಲ್ಲೇ ಏನೋ ದೋಷ ಇರ್ಬೇಕು ಮಾಸ್ತರೇ," ಎಂದು ತಮಾಷೆ ಮಾಡಿದ್ದೆ. ಆಗ ನಗಬಾರದಿತ್ತು.

ನಿಜ ಸಂಗತಿ ಬಯಲಾದದ್ದು ನನ್ನ ಬೆಕ್ಕಿನಿಂದ. ಜೀರಿಗೆ ಎಂದು ಅದರ ಹೆಸರು. ಅದರ ಪಾದದಲ್ಲಿ ಕೀವುಗುಳ್ಳೆ ಎದ್ದು, ಮೂರು ದಿನದಿಂದ ಬೆಳಗಾಗುವಷ್ಟರಲ್ಲಿ ಮನೆಯ ಗಡಿಯಾರಗಳೆಲ್ಲ ಮುಕ್ಕಾಲು ಗಂಟೆ ಹಿಂದೆ ಬೀಳುತ್ತಿದ್ದವು. ನಾನು ಲೆಕ್ಕ ಹಾಕಿ ಮುಕ್ಕಾಲು ಗಂಟೆ ಸೇರಿಸಿಕೊಂಡು ಹೊರಡುತ್ತಿದ್ದೆ. ಆ ಗುರುವಾರವೂ ಹಾಗೇ ಹೊರಟೆ. ಗುಳ್ಳೆ ಹಿಂದಿನ ಸಂಜೆಯೇ ಒಡೆದು ಜೀರಿಗೆ ಹಾಯಾಗಿ ಮಲಗಿದ್ದದ್ದು ನನಗೆ ಹೇಗೆ ಗೊತ್ತಾಗಬೇಕು? ಗುಡ್ಡ ಹತ್ತಿ, ಲಾಯದಿಂದ ದೂರದ ಕಚೇರಿಯ ಗಡಿಯಾರ ನೋಡಿದರೆ ಇನ್ನೂ ಏಳೂಮುಕ್ಕಾಲು. ಬಂದದ್ದು ಬಂದಾಯಿತು, ಕೆಲಸ ಮುಗಿಸೋಣ ಎಂದು ನೇರ ಲಾಯಕ್ಕೆ ಹೋಗಿ ಸೇವಂತಿಯ ಕೊರಳಿನ ಚೀಲ ಬಿಚ್ಚಿದೆ. ವಾಚು ಆರು ಗಂಟೆ ಮೂವತ್ತಮೂರು ನಿಮಿಷ ತೋರಿಸುತ್ತಿತ್ತು.

ಅಂದರೆ ಒಂದು ಗಂಟೆ ಹನ್ನೆರಡು ನಿಮಿಷ ಹಿಂದೆ. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಕಿವಿಗಿಟ್ಟು ಕೇಳಿದೆ. ವಾಚು ಗಟ್ಟಿಯಾಗಿತ್ತು, ಹಿಂದಿನ ತಿಂಗಳು ನಾನೇ ಎಣ್ಣೆ ಹಾಕಿದ್ದು. ಏನಾಗಿರಬಹುದು ಎಂದು ತಲೆ ಕೆರೆದುಕೊಳ್ಳುತ್ತಿರುವಾಗ ಗುರುಪಾದಯ್ಯನವರು ಬಕೆಟ್ಟು, ಬ್ರಷ್ಷು ಹಿಡಿದು ಬಂದರು.

"ಏನ್ ನೀಲಮ್ಮ, ಇವತ್ತು ಸೂರ್ಯ ನಿಮ್ಮ ಮನೆಯಿಂದ್ಲೇ ಹುಟ್ಟಿದ್ನಾ?" ಎಂದು ನಕ್ಕರು. ನಾನು ವಾಚನ್ನು ಚೀಲಕ್ಕೆ ಸೇರಿಸಿ ಪಕ್ಕಕ್ಕೆ ನಿಂತೆ. ಅವರು ಸೊಸೆ ಮಾಡಿದ ಉಪ್ಪಿಟ್ಟಿನ ಕಥೆ ತೆಗೆದರು. ನಿಂಬೆಹುಳಿ ಜಾಸ್ತಿಯಾಗಿತ್ತಂತೆ, ಆದರೂ ಎರಡು ಸಲ ಹಾಕಿಸಿಕೊಂಡು ತಿಂದರಂತೆ. ಮಾತಿನ ನಡುವೆ ಗಿರಣಿಯ ಎಂಟರ ಸೈರನ್ ಕೂಗಿತು. ಅವರು ಮಾತು ನಿಲ್ಲಿಸಲಿಲ್ಲ. ಬಲಗೈಯ ಬ್ರಷ್ಷು ಎಡಗೈಗೆ ಹೋಯಿತು, ಬಲಗೈ ಸೇವಂತಿಯ ಕೊರಳಿಗೆ ಹೋಗಿ ಚೀಲ ತೆರೆಯಿತು, ಬೆರಳುಗಳು ತಿರುಪನ್ನು ಹೊರಗೆಳೆದು ಮುಳ್ಳುಗಳನ್ನು ಎಂಟಕ್ಕೆ ತಂದು ನಿಲ್ಲಿಸಿ ತಿರುಪನ್ನು ಒಳಗೆ ಒತ್ತಿದವು. ಚೀಲ ಮುಚ್ಚಿತು. ಬ್ರಷ್ಷು ಬಲಗೈಗೆ ಮರಳಿತು. ಅಷ್ಟು ಹೊತ್ತೂ ಅವರು ಉಪ್ಪಿಟ್ಟಿನಲ್ಲೇ ಇದ್ದರು.

"ಮಾಸ್ತರೇ, ಈಗೇನ್ ಮಾಡಿದ್ರಿ?" ಎಂದೆ.

"ಏನಿಲ್ವಲ್ಲ. ಬೆನ್ನು ಉಜ್ತಾ ಇದೀನಿ."

"ಅದಕ್ಕೂ ಮುಂಚೆ?"

"ಉಪ್ಪಿಟ್ಟಿನ ವಿಷಯ ಹೇಳ್ತಿದ್ದೆ."

"ಬಾಯಲ್ಲಲ್ಲ, ಕೈಯಲ್ಲಿ ಏನ್ ಮಾಡಿದ್ರಿ?"

ಅವರು ತಮ್ಮ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. "ಕೈಯಲ್ಲಿ ಬ್ರಷ್ ಇದೆಯಲ್ಲಮ್ಮ," ಎಂದರು.

ನಾನು ಕಂಡದ್ದನ್ನು ಹೇಳಿದೆ. ಅವರು ನಂಬಲಿಲ್ಲ. ಮೊದಲು ನಕ್ಕರು, ಆಮೇಲೆ ಮುಖ ಗಂಟು ಹಾಕಿಕೊಂಡರು. "ನಂಗೆ ನಿಯಮ ಗೊತ್ತಿಲ್ವಾ? ನನ್ನ ಮೇಲೆ ಏನಾದ್ರೂ ಕೋಪ ಇದ್ರೆ ನೇರವಾಗಿ ಹೇಳಿ ನೀಲಮ್ಮ, ಹೀಗೆಲ್ಲ ಕಥೆ ಕಟ್ಬೇಡಿ," ಎಂದರು. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅವರ ಕೈ ಮೂವತ್ತನಾಲ್ಕು ವರ್ಷ ಮಾಡಿದ್ದನ್ನು ಮಾಡುತ್ತಿತ್ತು, ಅವರಿಗೆ ತಿಳಿಸದೆ. ದಿನವೂ ಎಂಟಕ್ಕೆ ಅವರು ಸರಿಮಾಡುತ್ತಿದ್ದರು, ಎಂಟೂವರೆಗೆ ನಾನು ಬಂದು ಬರೀ ಅರ್ಧ ಗಂಟೆಯ ನೋವನ್ನು ಓದಿ ಇಡೀ ದಿನದ್ದೆಂದು ಬರೆಯುತ್ತಿದ್ದೆ.

ಶನಿವಾರ ಸೇವಂತಿಗೆ ಕೊನೆಯ ಸೂಜಿ ಇತ್ತು, ಎಲ್ಲಕ್ಕಿಂತ ದೊಡ್ಡದು. ಸೌಮ್ಯ ಎಂದು ನಾನು ಬರೆದುಕೊಟ್ಟ ಧೈರ್ಯದ ಮೇಲೆಯೇ ಡಾಕ್ಟರು ಅದರ ಪ್ರಮಾಣವನ್ನು ಏರಿಸಿದ್ದರು. ಒಂದೇ ಸಲದ ಓದಿನಿಂದ ದರ್ಜೆ ಬದಲಿಸುವಂತಿಲ್ಲ, ಪೂರ್ತಿ ಒಂದು ದಿನ ನೋಡಬೇಕು. ನಾನು ಅಂಗಡಿಯಿಂದ ಅರಗು ತಂದು ಕರಗಿಸಿ ವಾಚಿನ ತಿರುಪಿನ ಮೇಲೆ ಹಾಕಿ ಮೊಹರು ಮಾಡಿದೆ. ಡಾಕ್ಟರಿಗೆ, ಓದಿನಲ್ಲಿ ಏನೋ ಅನುಮಾನವಿದೆ, ನಾಳೆ ಎಂಟಕ್ಕೆ ಬನ್ನಿ ಎಂದಷ್ಟೇ ಹೇಳಿದೆ.

ಶುಕ್ರವಾರ ಎಂಟಕ್ಕೆ ಐದು ನಿಮಿಷವಿರುವಾಗ ನಾವಿಬ್ಬರೂ ಸೇವಂತಿಯ ಎರಡು ಪಕ್ಕ ನಿಂತಿದ್ದೆವು. ಡಾಕ್ಟರು ಇನ್ನೂ ಬಂದಿರಲಿಲ್ಲ. ಗುರುಪಾದಯ್ಯನವರು ಬೇಕೆಂದೇ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ನನಗೆ ಪಾಠ ಕಲಿಸುವವರ ಹಾಗೆ. ಅಷ್ಟರಲ್ಲಿ ಸೇವಂತಿ ಮುಂಗಾಲು ಎತ್ತಿ ಇಟ್ಟಳು. "ಏನಮ್ಮ, ಏನಾಯ್ತು?" ಎಂದು ಅವರು ಬಗ್ಗಿ ಕಾಲು ನೋಡಿದರು. ಕಾಲಲ್ಲಿ ಏನೂ ಇರಲಿಲ್ಲ. ಮೇಲೇಳುವಾಗ ಸೈರನ್ ಕೂಗಿತು. ಅವರ ಕೈ ಮೇಲೆ ಹೋಯಿತು, ಚೀಲ ತೆರೆಯಿತು, ಬೆರಳು ಅರಗಿಗೆ ತಾಗಿತು.

ಕಾದ ಹೆಂಚು ಮುಟ್ಟಿದವರಂತೆ ಅವರು ಕೈ ಹಿಂದೆಗೆದರು. ಸೈರನ್ ಇನ್ನೂ ಕೂಗುತ್ತಲೇ ಇತ್ತು. ಅದು ನಿಲ್ಲುವವರೆಗೂ ಅವರು ತಮ್ಮ ಬೆರಳನ್ನು ನೋಡುತ್ತಾ ನಿಂತಿದ್ದರು. ನಾನು ಬೇರೆ ಕಡೆ ನೋಡಿದೆ. ಗೆದ್ದೆ ಅನಿಸಲಿಲ್ಲ, ಅಳು ಬಂತು.

ಡಾಕ್ಟರು ಏದುಸಿರು ಬಿಡುತ್ತಾ ಬಂದರು. ಮೊಹರು ನೋಡಿದರು, ವಾಚು ನೋಡಿದರು. ಒಂದು ಗಂಟೆ ಇಪ್ಪತ್ತು ನಿಮಿಷ ಹಿಂದೆ. "ನೀಲಕ್ಕ, ನಲವತ್ತು ದಿನ ಎರಡು ನಿಮಿಷ ಇದ್ದದ್ದು ಒಂದೇ ಸಲ ಹೀಗೆ ಆಗೋದುಂಟಾ? ವಾಚೇ ಕೆಟ್ಟಿರಬಹುದಲ್ವಾ?" ಎಂದರು.

ವಾಚು ಕೆಟ್ಟಿದೆ ಎಂದು ನಾನು ಬರೆದುಕೊಟ್ಟರೆ ಮುಗಿಯಿತು. ನಿಯಮದ ಪ್ರಕಾರ ಹಿಂದಿನ ದರ್ಜೆಯೇ ನಿಲ್ಲುತ್ತದೆ. ಹೊಸ ವಾಚು ಕಟ್ಟಿ ಮೂರು ದಿನ ನೋಡುತ್ತಾರೆ, ಅಷ್ಟರಲ್ಲಿ ಶನಿವಾರದ ಸೂಜಿ ಆಗಿಹೋಗಿರುತ್ತದೆ. ನನ್ನ ಇಪ್ಪತ್ತೆರಡು ವರ್ಷದ ಹೆಸರು ಉಳಿಯುತ್ತದೆ. ಗುರುಪಾದಯ್ಯನವರು ತಲೆ ಎತ್ತಿಕೊಂಡು ಓಡಾಡಬಹುದು. ಊರಿಗೆ ಮದ್ದು ಸಿಗುತ್ತದೆ. ನಾನು ಒಳ್ಳೆಯವಳೇನಲ್ಲ, ಬಾಯಿ ತೆರೆದೂ ಬಿಟ್ಟಿದ್ದೆ. ಯಾಕೋ ಆಗ ಸೇವಂತಿಯ ಮುಖ ನೋಡಿದೆ. ಕಣ್ಣಿನ ಮೇಲ್ಭಾಗ ಗುಳಿ ಬಿದ್ದಿತ್ತು, ಮೂಗಿನ ಹೊಳ್ಳೆ ಬಿಗಿದಿತ್ತು, ಕೆಳದುಟಿ ಕಲ್ಲಿನ ಹಾಗಿತ್ತು. ಇದನ್ನು ತಿಳಿಯಲು ವಾಚು ಬೇಕಿರಲಿಲ್ಲ. ನಲವತ್ತು ದಿನ ನಾನು ಅವಳ ಕೊರಳನ್ನು ನೋಡಿದ್ದೆ, ಮುಖ ನೋಡಿರಲಿಲ್ಲ.

"ವಾಚ್ ಚೆನ್ನಾಗೇ ಇದೆ ಡಾಕ್ಟ್ರೇ," ಎಂದೆ. "ತಪ್ಪು ನಮ್ದು."

"ನಮ್ದಲ್ಲ," ಎಂದರು ಗುರುಪಾದಯ್ಯ. "ನಂದು. ದಿನಾ ಎಂಟಕ್ಕೆ ನಾನೇ ಸರಿಮಾಡ್ತಿದ್ನಂತೆ. ನನಗೇ ಗೊತ್ತಿಲ್ದೆ." ಸೇವಂತಿಯ ಕಡೆ ತಿರುಗಿ, "ಪಾಪ, ಇವಳು ದಿನವೆಲ್ಲ ಹೇಳ್ತಾನೇ ಇದ್ಲು. ಬೆಳಿಗ್ಗೆ ಎದ್ದು ಬಂದು ನಾನು ಅಳಿಸಿ ಹಾಕ್ತಿದ್ದೆ," ಎಂದರು.

ಡಾಕ್ಟರು ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟರು. ಬೈದರು. ಚೆನ್ನಾಗಿಯೇ ಬೈದರು. "ಒಳಗೆ ನಲವತ್ತಾರು ಸೀಸೆ ಮದ್ದು ಉಳಿದಿದೆ ನೀಲಕ್ಕ, ಅದೂ ಹಳೇದು. ಮುಂದಿನ ವಾರ ರಾಗಿ ಕೊಯ್ಲು ಶುರು. ಗದ್ದೆ ಹೊಲ ಅಂತ ಜನ ಬರಿಗಾಲಲ್ಲಿ ಓಡಾಡ್ತಾರೆ. ಅವರಿಗೆ ನಾನೇನು ಹೇಳ್ಲಿ?" ಕೊನೆಗೆ ಅವರೇ ಎದ್ದು ಸೇವಂತಿಯ ಹತ್ತಿರ ಹೋಗಿ ಹೆಗಲಿನ ಬಾವಿನ ಮೇಲೆ ಮೆಲ್ಲಗೆ ಅಂಗೈ ಇಟ್ಟರು. ಅವಳ ಮೈಯ ಚರ್ಮವೆಲ್ಲ ಅದುರಿತು. "ಇದನ್ನ ನಾನು ಕಣ್ಣಾರೆ ನೋಡಿದ್ದೆ," ಎಂದರು ಡಾಕ್ಟರು, ನಮಗಲ್ಲ, ತಮಗೇ ಎಂಬಂತೆ. ಆಮೇಲೆ ಪುಸ್ತಕ ತೆರೆದು ನನ್ನ ಕೈಗೆ ಪೆನ್ನು ಕೊಟ್ಟರು.

ಆ ಪುಸ್ತಕದಲ್ಲಿ ಕೆರೆದು ಅಳಿಸುವಂತಿಲ್ಲ. ತಪ್ಪಾದ ಮಾತಿಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ತಪ್ಪು ಎಂದೆಂದಿಗೂ ಕಾಣುತ್ತಿರಬೇಕು. ಓದು ಗೊತ್ತಿಲ್ಲದ ದಿನಕ್ಕೆ ಗೊತ್ತಿರುವ ದಿನದ ದರ್ಜೆಯನ್ನೇ ಬರೆಯಬೇಕು. ಗುರುಪಾದಯ್ಯನವರು ಪಕ್ಕದಲ್ಲಿ ನಿಂತು ತಾರೀಖು ಓದುತ್ತಾ ಹೋದರು, ನಾನು ಸೌಮ್ಯಕ್ಕೆ ಗೆರೆ ಎಳೆದು ತೀವ್ರ ಎಂದು ಬರೆಯುತ್ತಾ ಹೋದೆ. ನಲವತ್ತು ಸಲ. ಇಪ್ಪತ್ತೈದನೆಯದಾದ ಮೇಲೆ ಅವರು ಹೋಗಿ ನೀರು ಕುಡಿದು ಬಂದು ಮುಂದುವರಿಸಿದರು. ಶನಿವಾರದ ಸೂಜಿ ಅಲ್ಲಿಗೆ ರದ್ದಾಯಿತು.

ಊರಿನಲ್ಲಿ ಡಂಗುರ ಹೊಡೆಸಿದರು: ಹೊಸ ಮದ್ದು ಸದ್ಯಕ್ಕಿಲ್ಲ, ಹೊಲಕ್ಕೆ ಹೋಗುವವರು ಬೂಟು ಹಾಕಿಕೊಳ್ಳಿ, ಕೋಲು ಬಡಿಯುತ್ತಾ ನಡೆಯಿರಿ. ಜನ ಗೊಣಗಿದರು. ಬೂಟು ಹೊಲಿಯುವವರ ಮುಂದೆ ಸಾಲು ನಿಂತಿತು. ಒಂದು ಕುದುರೆಗೋಸ್ಕರ ಇಷ್ಟೆಲ್ಲನಾ ಎಂದು ಕೆಲವರು ನನ್ನ ಅಂಗಡಿಗೇ ಬಂದು ಕೇಳಿದರು. ಕೆಲವರು ರಿಪೇರಿಗೆ ಕೊಟ್ಟಿದ್ದ ವಾಚು ವಾಪಸ್ಸು ತೆಗೆದುಕೊಂಡು ಹೋದರು. ಆ ಕೊಯ್ಲಿನಲ್ಲಿ ನಾಲ್ಕು ಜನರಿಗೆ ಹಾವು ಕಚ್ಚಿತು. ಪ್ರತಿ ಸಲ ಸುದ್ದಿ ಬಂದಾಗಲೂ ನಾನು ಊಟ ಬಿಟ್ಟು ಕೂತಿದ್ದೇನೆ. ನಾಲ್ವರೂ ಉಳಿದರು, ಸೀಸೆ ಆರು ಉಳಿದವು. ಡಾಕ್ಟರು ಮೂರು ಹೊಸ ಕುದುರೆ ತರಿಸಿ, ಅರ್ಧ ಪ್ರಮಾಣದಲ್ಲಿ, ನಿಧಾನವಾಗಿ ಮೊದಲಿನಿಂದ ಶುರುಮಾಡಿದರು. ಈಗ ದರ್ಜೆ ಬರೆಯುವ ಮುಂಚೆ ಡಾಕ್ಟರೂ ನಾನೂ ಕುದುರೆಯ ಮುಖ ನೋಡಿ, ನಮ್ಮ ನಮ್ಮ ಅಂದಾಜನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ಆಮೇಲೆ ವಾಚು ತೆಗೆಯುತ್ತೇವೆ. ಎಷ್ಟೋ ಸಲ ನಮ್ಮಿಬ್ಬರದೂ ತಪ್ಪಾಗಿರುತ್ತದೆ, ಆದರೂ ಬಿಟ್ಟಿಲ್ಲ.

ಗುರುಪಾದಯ್ಯನವರು ರಾಜೀನಾಮೆ ಕೊಡಲು ಹೋದರೆ ಡಾಕ್ಟರು ತೆಗೆದುಕೊಳ್ಳಲಿಲ್ಲ. ಸೇವಂತಿಯ ಜೊತೆ ಅವರನ್ನೂ ಕೆರೆಯ ಕೆಳಗಿನ ಹುಲ್ಲುಗಾವಲಿಗೆ ಕಳಿಸಿದರು. ಅಲ್ಲಿ ಯಾವ ಪ್ರಾಣಿಗೂ ವಾಚು ಕಟ್ಟುವುದಿಲ್ಲ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದರು. ಅಷ್ಟು ದಿನ ಮಾತು ಅಷ್ಟಕ್ಕಷ್ಟೇ ಆಗಿತ್ತು.

"ಒಂದು ವಾಚ್ ಬೇಕಿತ್ತು ನೀಲಮ್ಮ, ಒಂದು ದಿನದ ಮಟ್ಟಿಗೆ," ಎಂದರು. "ಅವಳು ಬೆಲ್ಲ ತಿಂತಿದಾಳೆ. ಓಡ್ತಾಳೆ. ನಂಗೇನೋ ಆರಾಮಾಗಿದಾಳೆ ಅನ್ಸುತ್ತೆ. ಆದ್ರೆ ನನ್ನ ಮಾತನ್ನ ನಾನೇ ನಂಬೋ ಹಾಗಿಲ್ವಲ್ಲ."

"ಕಟ್ಟಿ ನೋಡಿ ಮಾಸ್ತರೇ, ಅದಕ್ಕೇನಂತೆ. ಅರಗು ಹಾಕಿ ಕೊಡ್ತೀನಿ."

"ಅರಗು ಬೇಡ," ಎಂದರು. "ನೀವೇ ಬಂದು ಕೂತ್ಕೊಳ್ಳಿ. ನನ್ನ ಕೈ ನೋಡ್ತಾ ಇರಿ."

ಮರುದಿನ ಅಂಗಡಿ ಮುಚ್ಚಿ ಹೋದೆ. ಬೆಳಿಗ್ಗೆ ಏಳಕ್ಕೆ ಸೇವಂತಿಯ ಕೊರಳಿಗೆ ವಾಚು ಕಟ್ಟಿದೆವು. ಅವಳು ಮೊದಲು ಅದನ್ನು ಕಂಡು ಹಿಂದೆ ಸರಿದಳು. ಗುರುಪಾದಯ್ಯನವರು ಹಣೆ ಸವರಿ ಸಮಾಧಾನ ಮಾಡಿದರು. ಎಂಟರ ಸೈರನ್ ಅಲ್ಲಿಗೆ ಸಣ್ಣಗೆ ಕೇಳಿಸಿತು. ಅವರ ಬಲಗೈ ತೊಡೆಯ ಮೇಲೆ ಒಮ್ಮೆ ಎಗರಿತು. ಅವರು ಎಡಗೈಯಿಂದ ಅದನ್ನು ಹಿಡಿದುಕೊಂಡು, ಸೈರನ್ ನಿಲ್ಲುವವರೆಗೆ ಹಲ್ಲು ಕಚ್ಚಿ ಕೂತರು. ನಾನು ಶಹಭಾಸ್ ಎಂದೆ, ಅವರು ನಗಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಸಂಜೆಯವರೆಗೆ ಸೇವಂತಿ ಮೇಯ್ದಳು, ಹೊರಳಾಡಿದಳು, ನನ್ನ ಚೀಲಕ್ಕೆ ಮೂತಿ ಹಾಕಿ ಎಲೆ ಅಡಿಕೆಯನ್ನೆಲ್ಲ ಚೆಲ್ಲಿದಳು.

ಏಳಕ್ಕೆ ವಾಚು ತೆಗೆದು, ದೂರದ ಮರದ ಕೆಳಗೆ ಇಟ್ಟಿದ್ದ ನನ್ನ ಗಡಿಯಾರಕ್ಕೆ ಹೋಲಿಸಿ ಇಬ್ಬರೂ ಬಗ್ಗಿ ನೋಡಿದೆವು. ಒಂದು ನಿಮಿಷ ಹಿಂದಿತ್ತು.

ಒಂದು ನಿಮಿಷ ಏನೂ ಅಲ್ಲ. ವಯಸ್ಸಾದ ಕುದುರೆಗೆ ಮಂಡಿ ಹಿಡಿದಿರಬಹುದು, ನೊಣ ಕಚ್ಚಿರಬಹುದು. ಹಾಗೆಂದು ಸಮಾಧಾನ ಹೇಳೋಣವೆಂದು ಗುರುಪಾದಯ್ಯನವರ ಕಡೆ ತಿರುಗಿದೆ. ಅವರು ವಾಚನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಪನ್ನೇ ನೋಡುತ್ತಿದ್ದರು. ಬೆರಳು ಅದರ ಹತ್ತಿರ ಹೋಯಿತು. ಬೆರಳು ಮಡಚಿಕೊಂಡಿತು.

ಅವರು ವಾಚನ್ನು ಹಾಗೆಯೇ ನನ್ನ ಕೈಗೆ ಕೊಟ್ಟು, ಸೇವಂತಿ ಮಂಡಿ ಮಡಿಸುವಾಗ ಯಾವ ಕಾಲಿಗೆ ಹಿಂಜರಿಯುತ್ತಾಳೆಂದು ನೋಡಲು ಹುಲ್ಲಿನ ಮೇಲೆ ಮೊಣಕಾಲೂರಿ ಕೂತರು.